ಬರೀ ಹುಣ್ಣು, ದೊಡ್ಡಮ್ಮ

ದೊಡ್ಡಮ್ಮ ಹೋಗಿ ಹನ್ನೆರಡು ದಿನ ಆದಮೇಲೆ ಅವಳ ಕಪಾಟು ತೆಗೆದೆ. ಮೇಲಿನ ಅರೆಯಲ್ಲಿ ಒಂದು ಹಳೇ ಫೈಲು ಇತ್ತು. ಬ್ಯಾಂಕ್ ಪಾಸ್‌ಬುಕ್, ಪೆನ್ಷನ್ ಕಾಗದ, ಮನೆಪತ್ರ, ವಿಮೆ ಪಾಲಿಸಿ. ಒಂದೊಂದಕ್ಕೂ ಒಂದು ಚಿಕ್ಕ ಚೀಟಿ ಪಿನ್ ಮಾಡಿದ್ದಳು. ಇದು ಯಾರಿಗೆ, ಇದಕ್ಕೆ ಯಾರನ್ನು ಕೇಳಬೇಕು, ಎಲ್ಲಿ ಸಹಿ ಬಾಕಿ ಇದೆ. ಅವಳದೇ ದುಂಡು ಅಕ್ಷರ. ಕೊನೆಯ ಚೀಟಿಯ ಕೆಳಗೆ ತಾರೀಕು ಹಾಕಿದ್ದಳು. ಎಣಿಸಿ ನೋಡಿದೆ. ಬಯಾಪ್ಸಿ ರಿಪೋರ್ಟ್ ಬಂದ ಹದಿನೇಳನೇ ದಿನ ಅದು.

ಆ ರಿಪೋರ್ಟಿನಲ್ಲಿ ಏನಿದೆ ಅಂತ ನಾವು ಅವಳಿಗೆ ಹೇಳಿರಲೇ ಇಲ್ಲ. ಐದು ತಿಂಗಳು, ಕೊನೆಯ ದಿನದವರೆಗೂ, ಹೇಳಲಿಲ್ಲ. ಹೊಟ್ಟೆಯಲ್ಲಿ ಹುಣ್ಣು, ವಾಸಿಯಾಗೋಕೆ ಸ್ವಲ್ಪ ದಿನ ಹಿಡಿಯುತ್ತೆ ಅಂದಿದ್ದೆವು.

ಫೈಲು ಮಡಿಲಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ನೆಲದ ಮೇಲೆ ಕೂತಿದ್ದೆನೋ ಗೊತ್ತಿಲ್ಲ. ಅವಳಿಗೆ ಮೊದಲಿಂದಲೂ ಗೊತ್ತಿತ್ತು. ನಾವು ಸುಳ್ಳು ಹೇಳುತ್ತಿದ್ದೆವು, ಅವಳು ನಂಬಿದ ಹಾಗೆ ಇದ್ದಳು. ಇದಾಗಿ ನಾಲ್ಕು ವರ್ಷ. ಅವತ್ತಿಂದ ಸುಳ್ಳಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಜನ ಯಾಕೆ ಸುಳ್ಳು ಹೇಳುತ್ತಾರೆ ಅನ್ನೋದಕ್ಕಿಂತ, ನಾನು ಯಾಕೆ ಹೇಳಿದೆ ಅಂತ ಅರ್ಥ ಮಾಡಿಕೊಳ್ಳಬೇಕಿತ್ತು.

ಆ ಸುಳ್ಳು ಹುಟ್ಟಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಹತ್ತು ನಿಮಿಷವೂ ಬೇಕಾಗಲಿಲ್ಲ. ಡಾಕ್ಟರು ರಿಪೋರ್ಟ್ ನೋಡಿ, ಕಾಯಿಲೆ ಹರಡಿದೆ, ಆಪರೇಷನ್ ಮಾಡೋ ಹಾಗಿಲ್ಲ, ನೋವು ಬಾರದ ಹಾಗೆ ನೋಡಿಕೊಳ್ಳಬಹುದು ಅಂದರು. ಆಮೇಲೆ, "ಅವರಿಗೆ ಹೇಳ್ತೀರಾ?" ಅಂತ ಕೇಳಿದರು. ದೊಡ್ಡಮ್ಮನ ಮಗಳು, ನನಗೆ ಅಕ್ಕ, ತಕ್ಷಣ ಅಂದಳು: "ಬೇಡ ಡಾಕ್ಟ್ರೇ. ಅಮ್ಮ ತಡ್ಕೊಳ್ಳಲ್ಲ." ನಾನೂ ತಲೆ ಆಡಿಸಿದೆ. ಡಾಕ್ಟರಿಗೂ ಒಂದು ಭಾರ ಇಳಿದ ಹಾಗೆ ಕಾಣಿಸಿತು. ತಡೆದುಕೊಳ್ಳಲಾರದವರು ನಿಜವಾಗಿ ಯಾರು ಅಂತ ಆ ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಅವತ್ತು ರಾತ್ರಿ ದೀಪ ಆರಿಸಿದ ಮೇಲೆ ದೊಡ್ಡಮ್ಮ ಕೇಳಿದಳು. "ಪುಟ್ಟಾ, ಏನಾದ್ರೂ ದೊಡ್ಡ ಕಾಯಿಲೆನಾ?"

"ಇಲ್ಲ ದೊಡ್ಡಮ್ಮ. ಬರೀ ಹುಣ್ಣು."

ರಿಪೋರ್ಟಿನ ಮೊದಲ ಸಾಲಿನಲ್ಲಿ ಹುಣ್ಣು ಅಂತ ಇದ್ದದ್ದು ನಿಜ. ಕ್ಯಾನ್ಸರ್ ಗಡ್ಡೆಯ ಮೇಲೆ ಆದ ಹುಣ್ಣು ಅದು. ಹಾಗಾಗಿ ಆ ಮಾತಿನಲ್ಲಿ ಹುಣ್ಣು ಸುಳ್ಳಲ್ಲ. 'ಬರೀ' ಮಾತ್ರ ಸುಳ್ಳು. ಕುರುಕ್ಷೇತ್ರದಲ್ಲಿ ಅಶ್ವತ್ಥಾಮ ಸತ್ತ ಅಂತ ಧರ್ಮರಾಯ ದ್ರೋಣರಿಗೆ ಹೇಳಿದ್ದೂ ಇಂಥದ್ದೇ ಅಲ್ವಾ? ಅಶ್ವತ್ಥಾಮ ಅನ್ನೋ ಆನೆ ಸತ್ತಿತ್ತು. ಆನೆ ಅನ್ನೋ ಮಾತು ಮಾತ್ರ ಕೇಳಿಸದ ಹಾಗೆ ಹೇಳಿದ. ಅಲ್ಲಿಯವರೆಗೆ ನೆಲ ಮುಟ್ಟದೆ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆಗ ನೆಲಕ್ಕೆ ಇಳಿಯಿತು ಅನ್ನುತ್ತದೆ ಕಥೆ. ಆ ಕಥೆ ಕಟ್ಟಿದವರಿಗೆ ಮನಸ್ಸಿನ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಪೂರ್ತಿ ಸುಳ್ಳು ಹೇಳೋಕೆ ನಾಲಿಗೆ ಹೆದರುತ್ತದೆ. ಅರ್ಧ ನಿಜ ಹೇಳೋಕೆ ಹೆದರಲ್ಲ. ನಾನು ಹೇಳಿದ್ದು ನಿಜಾನೇ ಅಲ್ವಾ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳೋಕೆ ಜಾಗ ಉಳಿದಿರುತ್ತದೆ. ಕೇಳಿದವರ ತಲೆಯಲ್ಲಿ ಕೂತದ್ದು ಮಾತ್ರ ಪೂರ್ತಿ ಸುಳ್ಳು.

ನಾನು ಸಣ್ಣ ಸುಳ್ಳುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡವನಲ್ಲ. ಎಲ್ಲರೂ ಹೇಳುತ್ತಾರೆ. ಬೆಲ್ಲಾ ಡಿಪಾಲೊ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ 77 ಕಾಲೇಜು ವಿದ್ಯಾರ್ಥಿಗಳು ಮತ್ತು 70 ಮಂದಿ ಹೊರಗಿನವರ ಕೈಯಲ್ಲಿ ಒಂದು ವಾರ ಡೈರಿ ಬರೆಸಿದರು. ಹೇಳಿದ ಪ್ರತಿ ಸುಳ್ಳನ್ನೂ ಅದರಲ್ಲಿ ಬರೆಯಬೇಕು. 1996ರಲ್ಲಿ ಅದು ಪ್ರಕಟವಾಯಿತು. ವಿದ್ಯಾರ್ಥಿಗಳು ದಿನಕ್ಕೆ ಸುಮಾರು ಎರಡು ಸುಳ್ಳು, ಉಳಿದವರು ಸುಮಾರು ಒಂದು ಸುಳ್ಳು ಬರೆದುಕೊಂಡಿದ್ದರು. ಹಾಗಂತ ಎಲ್ಲರೂ ಒಂದೇ ಸಮ ಸುಳ್ಳು ಹೇಳುತ್ತಾರೆ ಅಂತಲ್ಲ. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸಾವಿರ ಅಮೆರಿಕನ್ನರನ್ನು, ಹಿಂದಿನ 24 ಗಂಟೆಯಲ್ಲಿ ಎಷ್ಟು ಸುಳ್ಳು ಹೇಳಿದಿರಿ ಅಂತ ಕೇಳಿದರು. ಹತ್ತರಲ್ಲಿ ಆರು ಮಂದಿ ಒಂದೂ ಇಲ್ಲ ಅಂದರು. ಒಟ್ಟು ಸುಳ್ಳುಗಳಲ್ಲಿ ಅರ್ಧದಷ್ಟು ಬರೀ ಶೇಕಡ 5ರಷ್ಟು ಜನರಿಂದ ಬಂದಿತ್ತು. ಸುಳ್ಳಿನ ಬಗ್ಗೆ ಕೇಳಿದಾಗಲೇ ಕೆಲವರು ಸುಳ್ಳು ಹೇಳಿರಬಹುದು, ಅದು ಬೇರೆ ಮಾತು. ಆದರೂ ಈ ಲೆಕ್ಕ ನನ್ನ ಅನುಭವಕ್ಕೆ ಹತ್ತಿರ ಇದೆ. ಹೆಚ್ಚಿನವರು ಹೆಚ್ಚಿನ ದಿನ ನಿಜವೇ ಹೇಳುತ್ತಾರೆ.

ನನ್ನನ್ನು ತಡೆದು ನಿಲ್ಲಿಸಿದ್ದು ಡಿಪಾಲೊ ಅವರ ಇನ್ನೊಂದು ಕೆಲಸ. ದಿನನಿತ್ಯದ ಚಿಲ್ಲರೆ ಸುಳ್ಳುಗಳನ್ನು ಜನ ಹತ್ತಿರದವರಿಗೆ ಕಡಿಮೆ ಹೇಳುತ್ತಾರೆ, ಅಷ್ಟಾಗಿ ಗೊತ್ತಿಲ್ಲದವರಿಗೆ ಜಾಸ್ತಿ ಹೇಳುತ್ತಾರೆ. ಆದರೆ ನಿಮ್ಮ ಬದುಕಿನ ಅತಿ ದೊಡ್ಡ ಸುಳ್ಳು ಯಾವುದು, ಯಾರಿಗೆ ಹೇಳಿದಿರಿ, ಯಾರು ನಿಮಗೆ ಹೇಳಿದರು ಅಂತ ಕೇಳಿದಾಗ ಚಿತ್ರ ತಿರುಗಿಬಿಟ್ಟಿತು. ಅಪ್ಪ, ಅಮ್ಮ, ಗಂಡ, ಹೆಂಡತಿ, ಪ್ರೀತಿಸಿದವರು, ಪ್ರಾಣಸ್ನೇಹಿತರು. ದೊಡ್ಡ ಸುಳ್ಳುಗಳೆಲ್ಲ ತೀರಾ ಹತ್ತಿರದವರ ನಡುವೆಯೇ ಇದ್ದವು.

ಯೋಚಿಸಿದರೆ ಇದು ಸಹಜ. ಪರಿಚಯ ಇಲ್ಲದವರಿಗೆ ನನ್ನ ಬಗ್ಗೆ ನಿಜ ಗೊತ್ತಾದರೆ ನನಗೇನು ಹೋಗುತ್ತೆ? ಕಳೆದುಕೊಳ್ಳೋ ಭಯ ಇರೋದು ಹತ್ತಿರದವರ ಜೊತೆ ಮಾತ್ರ. ಆ ರಾತ್ರಿ ದೀಪ ಆರಿದ ಮೇಲೆ ನನ್ನ ಬಾಯಿಂದ ಆ ಮಾತು ಹೊರಡಿಸಿದ್ದೂ ಭಯವೇ. ಅವಳು ಅತ್ತರೆ ಏನು ಮಾಡಲಿ? ಎಷ್ಟು ದಿನ ಅಂತ ಕೇಳಿದರೆ ಏನು ಹೇಳಲಿ? ಪ್ರೀತಿಯೂ ಇತ್ತು, ಇಲ್ಲ ಅನ್ನಲ್ಲ. ಆದರೆ ಮೊದಲು ಬಂದದ್ದು ಭಯ.

ಭಯಕ್ಕೂ ಸುಳ್ಳಿಗೂ ಇರುವ ನಂಟು ಮಕ್ಕಳಲ್ಲಿ ಬಿಡಿಸಿ ಕಾಣುತ್ತದೆ. 1989ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬೆನ್ನ ಹಿಂದೆ ಒಂದು ಆಟದ ಸಾಮಾನು ಇಟ್ಟು, ತಿರುಗಿ ನೋಡಬೇಡ ಅಂತ ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಬಹುಪಾಲು ಮಕ್ಕಳು ತಿರುಗಿ ನೋಡಿದರು. ಆಮೇಲೆ ಕೇಳಿದಾಗ, ನೋಡಿದವರಲ್ಲಿ ಶೇಕಡ 38ರಷ್ಟು ಮಕ್ಕಳು ನೋಡಿಲ್ಲ ಅಂದರು. ಮೂರು ವರ್ಷಕ್ಕೇ! ಕೆನಡಾದ ಕಾಂಗ್ ಲೀ ಮತ್ತು ವಿಕ್ಟೋರಿಯಾ ತಲ್ವಾರ್ ಈ ಪ್ರಯೋಗವನ್ನು ಮುಂದುವರಿಸಿದರು. ನಾಲ್ಕು ವರ್ಷ ದಾಟಿದ ಮೇಲೆ ಹೆಚ್ಚಿನ ಮಕ್ಕಳು ಸುಳ್ಳು ಹೇಳುತ್ತಾರೆ ಅಂತ ಕಂಡಿತು. ಸುಳ್ಳು ಹೇಳೋಕೆ ಬರುವುದು ಮಗು ಕೆಟ್ಟಿದೆ ಅನ್ನೋದಕ್ಕೆ ಗುರುತಲ್ಲ. ನನಗೆ ಗೊತ್ತಿರೋದು ಎದುರಿನವರಿಗೆ ಗೊತ್ತಿಲ್ಲ, ಅವರ ತಲೆಯೊಳಗೆ ಬೇರೆಯದೇ ಲೋಕ ಇದೆ ಅಂತ ಮಗುವಿಗೆ ಅರ್ಥ ಆಗಿದೆ ಅನ್ನೋದಕ್ಕೆ ಗುರುತು. ಅಳುವವರನ್ನು ಸಮಾಧಾನ ಮಾಡೋಕೂ ಅದೇ ಶಕ್ತಿ ಬೇಕು. ಎರಡೂ ಒಂದೇ ಬೇರಿನಿಂದ ಬರುತ್ತವೆ ಅನ್ನೋದು ನನಗೆ ಈಗಲೂ ಆಶ್ಚರ್ಯ.

ಇದೇ ಇಬ್ಬರು 2011ರಲ್ಲಿ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮಕ್ಕಳ ಬಗ್ಗೆ ಬರೆದರು. ಒಂದು ಶಾಲೆಯಲ್ಲಿ ತಪ್ಪಿಗೆ ಹೊಡೆತ. ಇನ್ನೊಂದರಲ್ಲಿ ಹೊಡೆತ ಇಲ್ಲ. ಹೊಡೆತ ಇದ್ದ ಶಾಲೆಯ ಮಕ್ಕಳು ಜಾಸ್ತಿ ಸುಳ್ಳು ಹೇಳಿದರು. ಅಷ್ಟೇ ಅಲ್ಲ, ಹೇಳಿದ ಸುಳ್ಳನ್ನು ಸಿಕ್ಕಿಬೀಳದ ಹಾಗೆ ನಿಭಾಯಿಸಿದರು ಕೂಡ. 2014ರಲ್ಲಿ ಲೀ ತಂಡ ಇನ್ನೊಂದು ವಿಷಯ ತೋರಿಸಿತು. ಸುಳ್ಳು ಹೇಳಿ ಮೂಗು ಉದ್ದವಾದ ಗೊಂಬೆಯ ಕಥೆ, ತೋಳ ಬಂತು ಅಂತ ಕೂಗಿದ ಹುಡುಗನ ಕಥೆ ಕೇಳಿದ ಮಕ್ಕಳಲ್ಲಿ ಸುಳ್ಳು ಕಡಿಮೆ ಆಗಲಿಲ್ಲ. ಮರ ಕಡಿದದ್ದನ್ನು ಒಪ್ಪಿಕೊಂಡು ಅಪ್ಪನಿಂದ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರು ಜಾಸ್ತಿ ನಿಜ ಹೇಳಿದರು.

ದೊಡ್ಡಮ್ಮ ಇದನ್ನೆಲ್ಲ ಓದಿದವಳಲ್ಲ. ನನಗೆ ಏಳೋ ಎಂಟೋ ವರ್ಷ ಇದ್ದಾಗ ಅವಳ ಕನ್ನಡಕದ ಮೇಲೆ ಕಾಲಿಟ್ಟುಬಿಟ್ಟೆ. ಮುರಿದ ತುಂಡುಗಳನ್ನು ದಿಂಬಿನ ಚೀಲದೊಳಗೆ ಬಚ್ಚಿಟ್ಟೆ. ಎರಡು ದಿನ ಅವಳು ಪೇಪರನ್ನು ಮೂಗಿನ ಹತ್ತಿರ ಹಿಡಿದು ಓದಿದಳು. ಅದನ್ನು ನೋಡಲಾರದೆ ನಾನೇ ಹೋಗಿ ಹೇಳಿದೆ. ಅವಳು ಅಂದದ್ದು ಇಷ್ಟು: "ಹೇಳಿದ್ದಕ್ಕೆ ಬೈಯಲ್ಲ. ಮುರಿದದ್ದಕ್ಕೆ ಬೈತೀನಿ." ಆಮೇಲೆ ಚೆನ್ನಾಗಿ ಬೈದಳು. ಎರಡನ್ನೂ ಬೇರೆ ಬೇರೆ ಇಟ್ಟಳು. ಅವಳ ಎದುರು ನಿಜ ಹೇಳೋಕೆ ನನಗೆ ಆಮೇಲೆ ಯಾವತ್ತೂ ಭಯ ಆಗಲಿಲ್ಲ. ಬಯಾಪ್ಸಿ ರಿಪೋರ್ಟ್ ಬರುವವರೆಗೆ.

ಅವಳಿಗೆ ಹೇಗೆ ಗೊತ್ತಾಯಿತು ಅಂತ ತುಂಬಾ ಯೋಚನೆ ಮಾಡಿದ್ದೇನೆ. ನನ್ನ ಮುಖ ನೋಡಿ ಕಂಡುಹಿಡಿದಿರಬೇಕು ಅಂತ ಮೊದಲು ಅಂದುಕೊಂಡಿದ್ದೆ. ಸುಳ್ಳು ಹೇಳುವವರು ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ ಅನ್ನೋದು ಎಲ್ಲ ಕಡೆ ಇರುವ ನಂಬಿಕೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 58 ದೇಶಗಳ ಜನರನ್ನು, ಸುಳ್ಳು ಹೇಳುವವರನ್ನು ಹೇಗೆ ಗುರುತು ಹಿಡಿಯುತ್ತೀರಿ ಅಂತ ಕೇಳಿದರೆ ಅತಿ ಹೆಚ್ಚು ಬಂದ ಉತ್ತರ ಅದೇ. ಆದರೆ ಆ ನಂಬಿಕೆಗೆ ಬಲ ಇಲ್ಲ. ಮುಖ ನೋಡಿ, ಮಾತು ಕೇಳಿ ಸುಳ್ಳು ನಿಜ ಬೇರೆ ಮಾಡಿ ಅಂದಾಗ ಜನ ಎಷ್ಟು ಸಲ ಸರಿ ಹೇಳುತ್ತಾರೆ ಅಂತ ಚಾರ್ಲ್ಸ್ ಬಾಂಡ್ ಮತ್ತು ಡಿಪಾಲೊ 2006ರಲ್ಲೇ ಎಷ್ಟೋ ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದರು. ಶೇಕಡ 54. ನಾಣ್ಯ ಚಿಮ್ಮಿದರೂ 50 ಸಿಗುತ್ತೆ.

ಹಾಗಾದರೆ ನಿಜ ಜೀವನದಲ್ಲಿ ಸುಳ್ಳು ಹೇಗೆ ಸಿಕ್ಕಿಬೀಳುತ್ತೆ? 2002ರ ಒಂದು ಅಧ್ಯಯನ ಇದನ್ನೇ ಕೇಳಿತು. ನೀವು ಹಿಡಿದ ಒಂದು ಸುಳ್ಳು ನೆನಪು ಮಾಡಿಕೊಳ್ಳಿ, ಅದು ಹೇಗೆ ಗೊತ್ತಾಯಿತು ಹೇಳಿ ಅಂತ. ಹೇಳಿದ ಹೊತ್ತಿನಲ್ಲೇ ಮುಖಭಾವ, ದನಿ ನೋಡಿ ಹಿಡಿದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಬೇರೆಯವರ ಬಾಯಿಂದ, ಕೈಗೆ ಸಿಕ್ಕ ವಸ್ತುವಿನಿಂದ, ಹೇಳಿದವರೇ ಒಪ್ಪಿಕೊಂಡಿದ್ದರಿಂದ ಗೊತ್ತಾಗಿತ್ತು. ಅದೂ ಎಷ್ಟೋ ದಿನ ಕಳೆದ ಮೇಲೆ.

ದೊಡ್ಡಮ್ಮನ ಸುತ್ತ ಅಂಥ ವಸ್ತುಗಳು ರಾಶಿ ಬಿದ್ದಿದ್ದವು. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಹೆಸರು ಕಾಣದ ಹಾಗೆ ಡಬ್ಬಿಗೆ ಹಾಕಿ ಕೊಡುತ್ತಿದ್ದೆ. ಹುಣ್ಣಿನ ಮಾತ್ರೆಗೆ ಯಾರು ಹಾಗೆ ಮಾಡುತ್ತಾರೆ? ವರ್ಷಕ್ಕೆ ಎರಡು ಸಲ ಬರುತ್ತಿದ್ದ ಅಕ್ಕ ವಾರಕ್ಕೊಮ್ಮೆ ಬರೋಕೆ ಶುರು ಮಾಡಿದ್ದಳು. ನಾನು ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದೆ. ಒಂದು ದಿನ ಅವಳೇ ಸುಮ್ನೆ ಅಂದ ಹಾಗೆ ಅಂದಳು, "ಈಗ ಯಾರೂ ನನ್ನ ಜೊತೆ ಜಗಳ ಆಡ್ತಿಲ್ಲ ನೋಡು." ನಾನು ನಕ್ಕೆ. ಆ ಮಾತಿನ ಅರ್ಥ ಫೈಲು ಕೈಗೆ ಬಂದ ಮೇಲೆ ಹೊಳೆಯಿತು. ನಾವು ಅವಳ ಜೊತೆ ವಾದ ಮಾಡುವುದನ್ನೇ ಬಿಟ್ಟಿದ್ದೆವು. ಏನು ಹೇಳಿದರೂ ಹೂಂ ಅನ್ನುತ್ತಿದ್ದೆವು. ಬದುಕಿ ಉಳಿಯುವವರ ಜೊತೆ ಯಾರೂ ಹಾಗೆ ಇರಲ್ಲ.

ಇದಕ್ಕೊಂದು ಹೆಸರಿದೆ ಅಂತ ಓದಿದಾಗ ಮೈ ಜುಂ ಅಂದಿತು. ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಅನ್ನೋ ಇಬ್ಬರು ಸಮಾಜಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಿ ಸಾಯುತ್ತಿರುವ ರೋಗಿಗಳ ಸುತ್ತ ಏನು ನಡೆಯುತ್ತೆ ಅಂತ ಕೂತು ನೋಡಿ, 1965ರಲ್ಲಿ ಪುಸ್ತಕ ಬರೆದರು. ಅವರು ನಾಲ್ಕು ಸ್ಥಿತಿಗಳನ್ನು ಗುರುತಿಸುತ್ತಾರೆ. ರೋಗಿಗೆ ಏನೂ ಗೊತ್ತಿಲ್ಲದ್ದು, ರೋಗಿಗೆ ಅನುಮಾನ ಬಂದದ್ದು, ಎಲ್ಲರಿಗೂ ಗೊತ್ತಿದ್ದು ಬಾಯಿಬಿಟ್ಟು ಮಾತಾಡುವುದು. ಇನ್ನೊಂದು, ಎರಡೂ ಕಡೆಯವರಿಗೆ ಗೊತ್ತಿದೆ, ಎರಡೂ ಕಡೆಯವರು ಗೊತ್ತಿಲ್ಲದ ಹಾಗೆ ನಡೆದುಕೊಳ್ಳುವುದು. ಇಬ್ಬರೂ ಸೇರಿ ಆಡುವ ನಾಟಕ. ಇಬ್ಬರೂ ಎಚ್ಚರ ಇರಬೇಕು. ಅಪಾಯದ ವಿಷಯದ ಹತ್ತಿರ ಮಾತು ಹೋಗಬಾರದು. ಹೋದರೆ ಏನೂ ಆಗಿಲ್ಲ ಅನ್ನೋ ಹಾಗೆ ಇನ್ನೊಂದು ಮಾತಿಗೆ ತಿರುಗಿಸಬೇಕು.

ನಮ್ಮ ಮನೆಯ ಐದು ತಿಂಗಳನ್ನು ಯಾರೋ ನಾನು ಹುಟ್ಟೋ ಮೊದಲೇ ಬರೆದಿಟ್ಟಿದ್ದರು. ಮುಂದಿನ ವರ್ಷ ಮನೆಗೆ ಬಣ್ಣ ಹೊಡೆಸೋಣ ಅಂತ ನಾನು ಅನ್ನುತ್ತಿದ್ದೆ. ಯಾವ ಬಣ್ಣ ಅಂತ ಅವಳು ಕೇಳುತ್ತಿದ್ದಳು. ನಾನು ಕ್ಯಾಟಲಾಗ್ ತಂದು ತೋರಿಸಿದೆ. ಅವಳು ಬೆರಳಿಟ್ಟು ಒಂದು ತಿಳಿ ಹಳದಿ ಆರಿಸಿದಳು. ಆಗಲೇ ಆ ಚೀಟಿಗಳು ಕಪಾಟಿನಲ್ಲಿ ಇದ್ದವು.

ಸುಳ್ಳಿನ ನಷ್ಟ ಅಂದರೆ ಸಿಕ್ಕಿಬೀಳುವುದು ಅಂತ ನಾವು ಅಂದುಕೊಂಡಿರುತ್ತೇವೆ. ನಾವು ಸಿಕ್ಕಿಬೀಳಲೇ ಇಲ್ಲ. ನಷ್ಟ ಮಾತ್ರ ಪೂರ್ತಿ ಆಯಿತು. ಅವಳು ತನ್ನ ಸಾವಿನ ಜೊತೆ ಒಬ್ಬಳೇ ಉಳಿದಳು. ಮನೆ ತುಂಬಾ ಜನ ಇದ್ದರು, ಹಗಲು ರಾತ್ರಿ ಪಕ್ಕದಲ್ಲಿ ಕೂತಿರುತ್ತಿದ್ದರು. ಆದರೂ ಒಬ್ಬಳೇ. ಭಯ ಆಗುತ್ತಿದೆ ಅಂತ ಹೇಳಿಕೊಳ್ಳೋಕೆ ಅವಳಿಗೆ ಜಾಗ ಇರಲಿಲ್ಲ. ಹಾಗೆ ಹೇಳಿದರೆ ನಮ್ಮ ಸುಳ್ಳು ಒಡೆಯುತ್ತದೆ, ನಮಗೆ ನೋವಾಗುತ್ತದೆ ಅಂತ ಅವಳು ನಮ್ಮನ್ನು ಕಾಯುತ್ತಿದ್ದಳು. ಕೊನೆಯ ಶಕ್ತಿಯನ್ನು ಅದಕ್ಕೆ ಖರ್ಚು ಮಾಡಿದಳು.

ನನ್ನೊಳಗೂ ಏನೋ ನಡೆಯುತ್ತಿತ್ತು. ಗುಟ್ಟಿನ ಭಾರದ ಬಗ್ಗೆ ಮೈಕಲ್ ಸ್ಲೆಪಿಯನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಕೆಲಸ ಓದಿದಾಗ ಅದು ಅರ್ಥವಾಯಿತು. ಗುಟ್ಟು ಭಾರವಾಗುವುದು ಅದನ್ನು ಬೇರೆಯವರ ಎದುರು ಮುಚ್ಚಿಡುವ ಗಳಿಗೆಯಲ್ಲಿ ಅಂತ ನಾವು ಅಂದುಕೊಳ್ಳುತ್ತೇವೆ. ಅಂಥ ಗಳಿಗೆಗಳು ಕಡಿಮೆ. ಒಬ್ಬರೇ ಇರುವಾಗ ಮನಸ್ಸು ಪದೇ ಪದೇ ತಾನಾಗಿ ಅಲ್ಲಿಗೇ ಹೋಗುತ್ತದೆ, ಹಾಗೆ ಹೋಗುವುದೇ ನೆಮ್ಮದಿ ಕೆಡಿಸುತ್ತದೆ. ನನಗೂ ಹಾಗೇ. ಅವಳ ಎದುರು ನಾಟಕ ಸಲೀಸಾಗಿ ನಡೆಯುತ್ತಿತ್ತು. ರಾತ್ರಿ ಪಾತ್ರೆ ತೊಳೆಯುವಾಗ ಕೈ ನಡುಗುತ್ತಿತ್ತು.

ಸಲೀಸಾಗಿ ಅಂದೆ. ಅದೂ ಹೇಳಬೇಕಾದ ಮಾತು. ಮೊದಲ ದಿನ 'ಬರೀ' ಅನ್ನುವಾಗ ಗಂಟಲು ಕಟ್ಟಿತ್ತು. ಎರಡನೇ ತಿಂಗಳಿಗೆ ಡಾಕ್ಟರು ಹೇಳಿದರು ಅಂತ ಇಡೀ ಕಥೆ ಕಟ್ಟುತ್ತಿದ್ದೆ. ಒಂದು ಸುಳ್ಳು ಉಳಿಸೋಕೆ ನೂರು ಸುಳ್ಳು ಅಂತಾರಲ್ಲ, ಅದರ ಎಣಿಕೆಯೇ ತಪ್ಪಿತ್ತು. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡವೊಂದು ಸುಳ್ಳು ಹೇಳುತ್ತಾ ಹೋಗುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿತು. ಸ್ವಂತ ಲಾಭಕ್ಕೆ ಹೇಳಿದ ಸುಳ್ಳು ಒಂದರ ಮೇಲೊಂದು ಬಂದ ಹಾಗೆ, ಭಾವನೆಗೆ ಸಂಬಂಧಪಟ್ಟ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಕಡಿಮೆಯಾಗುತ್ತಾ ಹೋಯಿತು. ಸುಳ್ಳಿನ ಗಾತ್ರ ದೊಡ್ಡದಾಗುತ್ತಾ ಹೋಯಿತು. ಗಮನಿಸಬೇಕಾದ್ದು, ಸ್ವಂತ ಲಾಭಕ್ಕೆ ಅನ್ನೋ ಮಾತು. ನನ್ನದು ಅವಳ ಒಳ್ಳೆಯದಕ್ಕೆ ಹೇಳಿದ ಸುಳ್ಳು ಅಂತಲೇ ನಾನು ಆಗ ನಂಬಿದ್ದೆ. ಅವಳ ಕಣ್ಣೀರು ನೋಡುವುದರಿಂದ ತಪ್ಪಿಸಿಕೊಂಡದ್ದು ಲಾಭವೇ ಅಲ್ಲವಾ?

ಆ ನಂಬಿಕೆ ಹೇಗೆ ಹುಟ್ಟುತ್ತೆ ಅನ್ನೋದನ್ನು ಲಿಯಾನ್ ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ 1959ರಲ್ಲೇ ತೋರಿಸಿದ್ದರು. ವಿದ್ಯಾರ್ಥಿಗಳ ಕೈಯಲ್ಲಿ ಒಂದು ಗಂಟೆ ತೀರಾ ಬೇಜಾರಿನ ಕೆಲಸ ಮಾಡಿಸಿದರು. ಆಮೇಲೆ, ಕೆಲಸ ತುಂಬಾ ಚೆನ್ನಾಗಿತ್ತು ಅಂತ ಹೊರಗೆ ಕಾಯುತ್ತಿದ್ದವರಿಗೆ ಸುಳ್ಳು ಹೇಳಲು ಕೇಳಿದರು. ಅದಕ್ಕೆ ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್. ಕೊನೆಗೆ, ನಿಜವಾಗಿ ಆ ಕೆಲಸ ಹೇಗಿತ್ತು ಅಂತ ಕೇಳಿದಾಗ, 20 ಡಾಲರ್ ಪಡೆದವರಿಗಿಂತ 1 ಡಾಲರ್ ಪಡೆದವರು ಚೆನ್ನಾಗಿತ್ತು ಅಂದರು. 20 ಡಾಲರ್ ಪಡೆದವರಿಗೆ ತಾವು ಸುಳ್ಳು ಹೇಳಿದ್ದಕ್ಕೆ ಕಾರಣ ಕೈಯಲ್ಲೇ ಇತ್ತು. ಒಂದೇ ಡಾಲರ್ ಪಡೆದವರಿಗೆ ಅಂಥ ಕಾರಣ ಸಿಗಲಿಲ್ಲ. ಹಾಗಾಗಿ ಹೇಳಿದ್ದು ಸುಳ್ಳೇ ಅಲ್ಲ ಅಂತ ಮನಸ್ಸೇ ಬದಲಾಯಿತು. ನಾನು ಒಳ್ಳೆಯವನು, ಒಳ್ಳೆಯವರು ಸುಳ್ಳು ಹೇಳಲ್ಲ, ಹಾಗಾದರೆ ನಾನು ಹೇಳಿದ್ದು ಸುಳ್ಳಾಗಿರಲಾರದು, ಅದು ಪ್ರೀತಿ. ನನ್ನ ಲೆಕ್ಕ ಹೀಗೆ ಓಡಿತ್ತು.

ಇಲ್ಲೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಈ ಕ್ಷೇತ್ರದಲ್ಲಿ ಓದಿದ್ದನ್ನೆಲ್ಲ ನಂಬುವ ಹಾಗಿಲ್ಲ. ಫಾರಂ ತುಂಬುವ ಮೊದಲೇ ಮೇಲ್ಗಡೆ ಸಹಿ ಹಾಕಿಸಿದರೆ ಜನ ಪ್ರಾಮಾಣಿಕವಾಗಿ ತುಂಬುತ್ತಾರೆ ಅಂತ 2012ರಲ್ಲಿ ಬಂದ ಒಂದು ಸಂಶೋಧನೆ ತುಂಬಾ ಹೆಸರು ಮಾಡಿತ್ತು. ಅದರಲ್ಲಿನ ಒಂದು ಪ್ರಯೋಗದ ಅಂಕಿಅಂಶ ಕೃತಕವಾಗಿ ಸೃಷ್ಟಿಸಿದ್ದು ಅಂತ ಬಯಲಾಗಿ 2021ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಪ್ರಾಮಾಣಿಕತೆಯ ಮೇಲಿನ ಸಂಶೋಧನೆಯಲ್ಲೇ ಹೀಗಾದದ್ದು ನನಗೆ ಬೇಸರ ತಂದಿತು. ಹಾಗಾಗಿ ನನ್ನ ಬದುಕಿನ ಜೊತೆ ಇಟ್ಟು ನೋಡದೆ ಈಗ ಯಾವ ಅಂಕಿಯನ್ನೂ ಒಪ್ಪಲ್ಲ.

ಕಾರಿಡಾರಿನಲ್ಲಿ ನಾವು ಮಾಡಿದ್ದನ್ನು ಒಂದು ಕಾಲಕ್ಕೆ ಡಾಕ್ಟರುಗಳೇ ಮಾಡುತ್ತಿದ್ದರು. 1961ರಲ್ಲಿ ಡೊನಾಲ್ಡ್ ಓಕನ್ ಅನ್ನುವ ವೈದ್ಯ ಶಿಕಾಗೊದಲ್ಲಿ 219 ವೈದ್ಯರನ್ನು ಕೇಳಿದಾಗ, ಸುಮಾರು ಶೇಕಡ 90ರಷ್ಟು ಮಂದಿ ಕ್ಯಾನ್ಸರ್ ಅಂತ ರೋಗಿಗೆ ಹೇಳದಿರುವುದೇ ಒಳ್ಳೆಯದು ಅಂದರು. ಯಾಕೆ ಅಂತ ಕೆದಕಿದರೆ, ಹೇಳಿ ನೋಡಿ ಕಲಿತ ಅನುಭವಕ್ಕಿಂತ ಅವರವರ ನಂಬಿಕೆಯೇ ಮುಂದಿತ್ತು. ಅದಕ್ಕೂ ಮೊದಲೇ, 1950ರಲ್ಲಿ, ಇನ್ನಿಬ್ಬರು ವೈದ್ಯರು 100 ಕ್ಯಾನ್ಸರ್ ರೋಗಿಗಳನ್ನೇ ಕೇಳಿದ್ದರು. 89 ಮಂದಿ ಗೊತ್ತಿರುವುದೇ ಮೇಲು ಅಂದಿದ್ದರು. ಆಮೇಲೆ ಚಿಕಿತ್ಸೆಗಳು ಸುಧಾರಿಸಿದವು, ರೋಗಿಯ ಹಕ್ಕಿನ ಮಾತು ಬಂತು. 1979ರಲ್ಲಿ ಅಮೆರಿಕದ ಇನ್ನೊಂದು ಕಡೆ ಅದೇ ಪ್ರಶ್ನೆ ಕೇಳಿದಾಗ ಶೇಕಡ 97ರಷ್ಟು ವೈದ್ಯರು ಹೇಳುತ್ತೇವೆ ಅಂದರು. ಹದಿನೆಂಟೇ ವರ್ಷದಲ್ಲಿ ಉತ್ತರ ತಲೆಕೆಳಗಾಗಿತ್ತು. ಮನೆಯವರ ಉತ್ತರ ಮಾತ್ರ ಅಷ್ಟು ಬೇಗ ಬದಲಾಗಲ್ಲ. ಅವರು ತಡ್ಕೊಳ್ಳಲ್ಲ ಅನ್ನೋ ಮಾತನ್ನು ನಾನು ಈಗಲೂ ಎಷ್ಟೋ ಜನರ ಬಾಯಲ್ಲಿ ಕೇಳುತ್ತೇನೆ.

ನಿಜ ಹೇಳಿದರೆ ಏನಾಗುತ್ತೆ ಅಂತ ಊಹಿಸುವುದರಲ್ಲಿ ನಾವು ತಪ್ಪುತ್ತೇವೆ. ಎಮ್ಮಾ ಲೆವಿನ್ ಮತ್ತು ಟಾಯಾ ಕೋಹೆನ್ 2018ರಲ್ಲಿ ಬರೆದ ಸಂಶೋಧನೆಯಲ್ಲಿ ಕೆಲವರಿಗೆ ಮೂರು ದಿನ ಎಲ್ಲರ ಜೊತೆ ಪೂರ್ತಿ ಪ್ರಾಮಾಣಿಕವಾಗಿ ಮಾತಾಡಲು ಹೇಳಿದ್ದರು. ಇದರಿಂದ ಖುಷಿ ಕೆಡುತ್ತೆ, ಸಂಬಂಧ ಹಾಳಾಗುತ್ತೆ ಅಂತಲೇ ಜನ ಊಹಿಸಿದ್ದರು. ಮಾಡಿ ನೋಡಿದವರಿಗೆ ಅಷ್ಟು ಕೆಟ್ಟದೇನೂ ಆಗಲಿಲ್ಲ, ಊಹಿಸಿದ್ದಕ್ಕಿಂತ ಹಿತವಾಗಿತ್ತು.

ಹಾಗಂತ ಯಾವಾಗಲೂ, ಯಾರಿಗೂ, ಏನು ಬಂದರೂ ನಿಜವನ್ನೇ ಹೇಳಬೇಕು ಅನ್ನುವವರ ಜೊತೆ ನಾನಿಲ್ಲ. ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ನಿನ್ನ ಸ್ನೇಹಿತ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಬರೆದ. ನನ್ನ ಮನಸ್ಸು ಅದನ್ನು ಒಪ್ಪಲ್ಲ. ಅಲ್ಲಿ ನಾನು ಸುಳ್ಳು ಹೇಳುತ್ತೇನೆ, ಒಂದು ಕ್ಷಣವೂ ಯೋಚಿಸಲ್ಲ. ಆದರೆ ದೊಡ್ಡಮ್ಮ ಕೊಲ್ಲಲು ಬಂದವಳಲ್ಲ. ಅವಳು ಕೇಳಿದ್ದು ಅವಳದೇ ದೇಹದ ಸುದ್ದಿ. ಅವಳಿಗೆ ಸೇರಿದ್ದನ್ನು ನಾನು ನನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ನಿಜವನ್ನು ಮುಖಕ್ಕೆ ಎಸೆಯುವುದೂ ಬೇರೆ. ನಾನು ನೇರ ಮಾತಿನವನು ಅಂತ ಹೇಳಿಕೊಂಡು ಎದುರಿನವರನ್ನು ಕುಗ್ಗಿಸುವವರನ್ನು ನೋಡಿದ್ದೇನೆ. ಅವರಿಗೂ ಎದುರಿನವರು ಕಾಣುತ್ತಿರುವುದಿಲ್ಲ. ಕೆಟ್ಟ ಸುದ್ದಿ ಹೇಳುವುದು ಹೇಗೆ ಅಂತ ಕ್ಯಾನ್ಸರ್ ವೈದ್ಯರು 2000ದಲ್ಲಿ ಆರು ಹಂತದ ಒಂದು ಕ್ರಮ ಮಾಡಿಕೊಂಡರು. ಸುದ್ದಿ ಹೇಳುವುದು ಅದರಲ್ಲಿ ನಾಲ್ಕನೆಯದು. ಅದಕ್ಕೂ ಮೊದಲು ಒಂದು ಕಡೆ ನೆಮ್ಮದಿಯಾಗಿ ಕೂರಬೇಕು. ನಿಮಗೆ ಈಗಾಗಲೇ ಏನು ಗೊತ್ತಿದೆ ಅಂತ ಕೇಳಬೇಕು. ಎಷ್ಟು ತಿಳಿದುಕೊಳ್ಳೋಕೆ ಇಷ್ಟ ಅಂತ ಕೇಳಬೇಕು. ಇದನ್ನು ಓದಿದ ದಿನ ನನಗೆ ಅಳು ಬಂತು. ನಾವು ಹೇಳುವುದೋ ಮುಚ್ಚಿಡುವುದೋ ಅಂತ ಎರಡೇ ದಾರಿ ಇದೆ ಅಂದುಕೊಂಡಿದ್ದೆವು. ಅವಳನ್ನೇ ಕೇಳಬಹುದು ಅಂತ ಹೊಳೆಯಲೇ ಇಲ್ಲ. "ನಿನಗೆ ಏನನ್ನಿಸ್ತಿದೆ ದೊಡ್ಡಮ್ಮ?" ಅಂತ ಆ ರಾತ್ರಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹೋದ ತಿಂಗಳು ಮಾವನ ರಿಪೋರ್ಟ್ ಬಂತು. ಮಾವ ಅಂದರೆ ದೊಡ್ಡಮ್ಮನ ಕೊನೆಯ ತಮ್ಮ. ಅದೇ ಥರದ ಕಾರಿಡಾರ್. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಅದೇ ಮಾತು ಹೇಳಿದರು. "ಅವರಿಗೆ ಹೇಳೋದು ಬೇಡ. ತಡ್ಕೊಳ್ಳಲ್ಲ." ನಾನು ಅತ್ತೆಯ ಕೈ ಹಿಡಿದು ಅವರ ಪಕ್ಕ ಕೂತೆ. ಕಪಾಟಿನ ಫೈಲಿನ ಕಥೆ ಹೇಳಿದೆ. ಚೀಟಿಗಳ ಕಥೆ, ಹಳದಿ ಬಣ್ಣದ ಕಥೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, "ನೀನೇ ಒಳಗೆ ಹೋಗು. ನನ್ನ ಕೈಲಾಗಲ್ಲ" ಅಂದರು.

ಒಳಗೆ ಮಾವ ಕಿಟಕಿ ಕಡೆ ತಿರುಗಿ ಮಲಗಿದ್ದರು. ಕುರ್ಚಿ ಎಳೆದುಕೊಂಡು ಕೂತೆ. ಏನು ಹೇಳಬೇಕು ಅಂತ ಮನಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಹಾರಿಹೋಯಿತು.

"ಮಾವ, ರಿಪೋರ್ಟ್ ಬಂದಿದೆ. ನಿಮಗೆ ಎಷ್ಟು ಹೇಳ್ಲಿ?"

ಅವರು ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿದರು. ಆಮೇಲೆ ಸ್ವಲ್ಪ ಸರಿದು, ಹಾಸಿಗೆಯ ಅಂಚಿನಲ್ಲಿ ನನಗೆ ಜಾಗ ಮಾಡಿಕೊಟ್ಟರು.

"ಇವತ್ತು ಅರ್ಧ ಹೇಳು," ಅಂದರು. "ಉಳಿದದ್ದು ನಾನು ಕೇಳಿದಾಗ ಹೇಳು. ಕೇಳಿದಾಗ ಮಾತ್ರ ಸುಳ್ಳು ಹೇಳಬೇಡ."